ಅಂಕ ಮಾತಿಗೆ, ಭಕ್ತಿಗಲ್ಲ: ಕಥೋಲಿಕ ಶಾಲಾ ವಿದ್ಯಾರ್ಥಿಗಳಿಗೆ ವಿಶ್ವಾಸಾಧಾರಿತ ಭಾಷಣ ಸ್ಪರ್ಧೆ ನಡೆಸುವ ಸಮಗ್ರ ಮಾರ್ಗದರ್ಶಿ

ಕಥೋಲಿಕ ಶಾಲೆಗಳ ಮಕ್ಕಳಿಗಾಗಿ ವಿಶ್ವಾಸವನ್ನೇ ವಸ್ತುವಾಗಿಟ್ಟುಕೊಂಡ ಭಾಷಣ ಸ್ಪರ್ಧೆಯನ್ನು ಏರ್ಪಡಿಸುವ ಶಿಕ್ಷಕರು ಸಭಾಂಗಣ, ಬಹುಮಾನ, ಆಹ್ವಾನ ಪತ್ರಿಕೆಗಳ ಯೋಚನೆಗೆ ಇಳಿಯುವ ಮೊದಲೇ ಒಂದು ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳಬೇಕಾಗುತ್ತದೆ: ಇಲ್ಲಿ ಅಂಕ ಕೊಡುವುದು ಯಾವುದಕ್ಕೆ? ಹದಿನಾಲ್ಕು ವರ್ಷದ ಬಾಲಕಿಯ ದೈವಭಕ್ತಿ ಎಷ್ಟು ಆಳವಾದದ್ದೆಂದು ಮೂವರು ತೀರ್ಪುಗಾರರು ಐದು ನಿಮಿಷದಲ್ಲಿ ಅಳೆಯಲಾರರು, ಅಳೆಯಲು ಹೊರಡುವುದೂ ಸಲ್ಲದು. ಅವಳು ವಿಷಯವನ್ನು ಎಷ್ಟು ಅರಿತಿದ್ದಾಳೆ, ಅರಿತದ್ದನ್ನು ಹೇಗೆ ಜೋಡಿಸಿದ್ದಾಳೆ, ಜೋಡಿಸಿದ್ದನ್ನು ಕೇಳುಗರಿಗೆ ಎಷ್ಟು ಸ್ಪಷ್ಟವಾಗಿ ಮುಟ್ಟಿಸಿದ್ದಾಳೆ ಎಂಬುದನ್ನು ಮಾತ್ರ ಅಳೆಯಬಹುದು. ವೇದಿಕೆಯ ಮೇಲೆ ಕಣ್ಣೀರಿಟ್ಟು ಸಾಕ್ಷಿ ನುಡಿದ ಮಗುವಿಗೆ ಒಮ್ಮೆ ಪ್ರಥಮ ಬಹುಮಾನ ಸಿಕ್ಕಿತೆಂದರೆ, ಮರುವರ್ಷ ಎಲ್ಲ ಶಾಲೆಗಳೂ ಕಣ್ಣೀರನ್ನೇ ಅಭ್ಯಾಸ ಮಾಡಿಸಿ ಕಳುಹಿಸುತ್ತವೆ. ಇದನ್ನು ನಾನು ಕಂಡೇ ಹೇಳುತ್ತಿದ್ದೇನೆ. ಆದ್ದರಿಂದ ಕೆಳಗಿನ ಹಂತಗಳೆಲ್ಲವೂ ಈ ಒಂದು ನಿಲುವನ್ನು ಆಧರಿಸಿವೆ.

ಮೊದಲ ಹಂತ: ಚೌಕಟ್ಟು

ಸಿದ್ಧತೆಗೆ ಹತ್ತು ವಾರಗಳಾದರೂ ಬೇಕು. ಮೊದಲ ಎರಡು ವಾರಗಳಲ್ಲಿ ನಿಯಮಗಳು ಮತ್ತು ವಿಷಯಗಳು ಶಾಲೆಗಳನ್ನು ತಲುಪಬೇಕು. ನಂತರದ ಆರು ವಾರಗಳು ಮಕ್ಕಳಿಗೆ ಸೇರಿದವು. ಕೊನೆಯ ಎರಡು ವಾರಗಳು ಶಾಲಾಮಟ್ಟದ ಆಯ್ಕೆಗೆ ಮತ್ತು ಅಂತಿಮ ಸುತ್ತಿಗೆ. ದಿನಾಂಕವನ್ನು ಪರೀಕ್ಷೆಗಳಿಂದಲೂ ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರದಿಂದಲೂ ದೂರವಿಡಬೇಕು. ಧರ್ಮಸಭೆಯ (ಕಥೋಲಿಕ ಚರ್ಚಿನ) ವರ್ಷದಲ್ಲಿ ಸ್ಪರ್ಧೆಗೆ ಸಹಜವಾಗಿ ಹೊಂದುವ ದಿನಗಳು ಹಲವಿವೆ. ಸುವರ್ಣವಾಣಿಯೆಂದೇ ಹೆಸರಾದ ಸಂತ ಜಾನ್ ಕ್ರಿಸೋಸ್ತೊಮರ ಸ್ಮರಣೆ ಸೆಪ್ಟೆಂಬರ್ 13ರಂದು ಬರುತ್ತದೆ. ಪೋಪ್ ಫ್ರಾನ್ಸಿಸ್ 2019ರಲ್ಲಿ ಸ್ಥಾಪಿಸಿದ ದೇವರ ವಾಕ್ಯದ ಭಾನುವಾರವು ಸಾಧಾರಣ ಕಾಲದ ಮೂರನೆಯ ಭಾನುವಾರದಂದು, ಎಂದರೆ ಜನವರಿಯ ಕೊನೆಯ ಭಾಗದಲ್ಲಿ ಬರುತ್ತದೆ.

ವಯಸ್ಸಿಗೆ ತಕ್ಕಂತೆ ಮೂರು ವಿಭಾಗಗಳಿದ್ದರೆ ಸಾಕು: 10ರಿಂದ 12 ವರ್ಷದವರಿಗೆ 3 ನಿಮಿಷ, 13ರಿಂದ 15 ವರ್ಷದವರಿಗೆ 5 ನಿಮಿಷ, 16ರಿಂದ 18 ವರ್ಷದವರಿಗೆ 6 ನಿಮಿಷ. ಹಿರಿಯ ವಿಭಾಗಕ್ಕೆ ಪೂರ್ವಸಿದ್ಧ ಭಾಷಣದ ಜೊತೆಗೆ ಎರಡು ನಿಮಿಷದ ಆಶುಭಾಷಣವನ್ನೂ ಸೇರಿಸಬಹುದು. ಚೀಟಿ ಎತ್ತಿದ ಮೇಲೆ ಹತ್ತು ನಿಮಿಷ ಯೋಚಿಸಲು ಅವಕಾಶವಿರಲಿ, ಕೈಯಲ್ಲಿ ಬೈಬಲ್ ಮಾತ್ರ ಇರಲಿ. ಒಂದು ಶಾಲೆಯಿಂದ ಪ್ರತಿ ವಿಭಾಗಕ್ಕೆ ಇಬ್ಬರಿಗಿಂತ ಹೆಚ್ಚು ಮಂದಿ ಬಂದರೆ ಅಂತಿಮ ಸುತ್ತು ಸಂಜೆಯವರೆಗೂ ಎಳೆಯುತ್ತದೆ, ಕೊನೆಯಲ್ಲಿ ಮಾತನಾಡುವ ಮಗುವಿನ ಪಾಲಿಗೆ ದಣಿದ ತೀರ್ಪುಗಾರರು ಮಾತ್ರ ಉಳಿಯುತ್ತಾರೆ.

ಕಥೋಲಿಕ ಶಾಲೆಗಳಲ್ಲಿ ಕಥೋಲಿಕರಲ್ಲದ ಮಕ್ಕಳೂ ಓದುತ್ತಾರೆ. ಅವರಿಗೆ ಪ್ರವೇಶ ಉಂಟೇ ಎಂಬುದನ್ನು ನಿಯಮಪತ್ರದ ಮೊದಲ ಪುಟದಲ್ಲಿಯೇ ಬರೆಯಬೇಕು. ಉಂಟು ಎಂದು ಬರೆಯುವುದೇ ಉತ್ತಮವೆಂಬುದು ನನ್ನ ಅಭಿಪ್ರಾಯ. ಆದರೆ ಹಾಗೆ ಬರೆದ ಮೇಲೆ, ತನ್ನದಲ್ಲದ ವಿಶ್ವಾಸವನ್ನು ತನ್ನದೆಂಬಂತೆ ನುಡಿಯುವ ಒತ್ತಡ ಆ ಮಗುವಿನ ಮೇಲೆ ಬೀಳದಂತೆ ವಿಷಯಗಳನ್ನು ರೂಪಿಸುವುದು ಸಂಘಟಕರ ಕರ್ತವ್ಯವಾಗುತ್ತದೆ. ‘ಕ್ರಿಸ್ತನು ಹೇಳಿದ ಈ ಸಾಮತಿ (ನೀತಿಕಥೆ) ನನ್ನನ್ನು ಹೀಗೆ ಯೋಚಿಸುವಂತೆ ಮಾಡಿತು’ ಎಂದು ಯಾವ ಮಗುವೂ ಪ್ರಾಮಾಣಿಕವಾಗಿ ಹೇಳಬಲ್ಲದು.

ಇನ್ನೊಂದು ನಿಯಮವನ್ನೂ ಆರಂಭದಲ್ಲಿಯೇ ಗೊತ್ತುಪಡಿಸಿಕೊಳ್ಳಿ. ಗೆದ್ದ ಮಗು ಭಾನುವಾರದ ಬಲಿಪೂಜೆಯಲ್ಲಿ (ಚರ್ಚಿನ ಮುಖ್ಯ ಆರಾಧನೆಯಲ್ಲಿ) ಪ್ರಬೋಧನೆಯ, ಎಂದರೆ ಅಲ್ಲಿ ಕೊಡುವ ಉಪದೇಶದ ಬದಲು ಮಾತನಾಡಲಿ ಎಂಬ ಸಲಹೆ ಉತ್ಸಾಹಿಗಳಿಂದ ಬರುವುದುಂಟು. ಧರ್ಮಸಭೆಯ ಕಾನೂನು ಸಂಹಿತೆಯ 767ನೇ ವಿಧಿಯ ಪ್ರಕಾರ ಪ್ರಬೋಧನೆ ಗುರುವಿಗೆ (ಪಾದ್ರಿಗೆ) ಅಥವಾ ಅವರಿಗಿಂತ ಕೆಳಗಿನ ದೀಕ್ಷಿತ ಸೇವಕರಾದ ಡೀಕನರಿಗೆ ಮೀಸಲು. ಸ್ಪರ್ಧೆಯನ್ನಾಗಲಿ ಗೆದ್ದ ಭಾಷಣವನ್ನಾಗಲಿ ಬಲಿಪೂಜೆ ಮುಗಿದ ಮೇಲೆ, ಬೇರೆ ಸಭೆಯಾಗಿ ನಡೆಸುವುದು ಸರಿಯಾದ ಕ್ರಮ.

ಎರಡನೆಯ ಹಂತ: ವಿಷಯವನ್ನು ಪ್ರಶ್ನೆಯಾಗಿ ಕೊಡುವುದು

ಸ್ಪರ್ಧೆಯ ಗುಣಮಟ್ಟದ ಅರ್ಧ ಭಾಗ ಇಲ್ಲಿಯೇ ತೀರ್ಮಾನವಾಗುತ್ತದೆ. ‘ಭರವಸೆ’, ‘ಕ್ಷಮೆ’, ‘ಯುವಜನರು ಮತ್ತು ಧರ್ಮಸಭೆ’ ಎಂಬಂಥ ಒಂದೆರಡು ಪದಗಳ ವಿಷಯ ಕೊಟ್ಟರೆ ಎಲ್ಲರಿಂದಲೂ ಒಂದೇ ಭಾಷಣ ಬರುತ್ತದೆ. ಭರವಸೆ ಎಂದರೇನು, ಅದು ಏಕೆ ಬೇಕು, ಆದ್ದರಿಂದ ನಾವೆಲ್ಲರೂ ಭರವಸೆಯಿಂದಿರೋಣ ಎಂಬ ಮೂರು ತುಂಡುಗಳು ಅದರಲ್ಲಿ ತಪ್ಪದೆ ಇರುತ್ತವೆ. ಅದೇ ವಿಷಯವನ್ನು ‘ಬೇಡಿದ್ದು ಸಿಗದಿದ್ದಾಗಲೂ ಪ್ರಾರ್ಥಿಸುವುದಕ್ಕೆ ಅರ್ಥವಿದೆಯೇ?’ ಎಂದು ಕೇಳಿದರೆ ಮಗು ಯೋಚಿಸಲೇಬೇಕಾಗುತ್ತದೆ, ಮತ್ತು ಇಬ್ಬರ ಉತ್ತರ ಒಂದೇ ಆಗಿರುವುದಿಲ್ಲ.

ಪ್ರತಿ ಪ್ರಶ್ನೆಯ ಜೊತೆಗೆ ಒಂದು ಪವಿತ್ರ ಗ್ರಂಥದ ಭಾಗವನ್ನೂ, ಹಿರಿಯರಿಗಾದರೆ ಧರ್ಮಸಭೆಯ ಒಂದು ದಾಖಲೆಯ ಕೆಲವು ಪರಿಚ್ಛೇದಗಳನ್ನೂ ಸೂಚಿಸಿ. ಕಿರಿಯರಿಗೆ ಲೂಕನ ಶುಭಸಂದೇಶದ 10ನೇ ಅಧ್ಯಾಯದ ದಯಾಳು ಸಮಾರಿಯದವನ ಸಾಮತಿಯನ್ನು (ಕಳ್ಳರ ಹೊಡೆತಕ್ಕೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ಕಂಡು ದಾಟಿಹೋದರು, ಪರಕೀಯನೆನಿಸಿದ ಸಮಾರಿಯದವನು ಆರೈಕೆ ಮಾಡಿ ಛತ್ರಕ್ಕೆ ಸೇರಿಸಿದ) ಕೊಟ್ಟು, ‘ಕಂಡೂ ಕಾಣದಂತೆ ಸಾಗಿದ ಇಬ್ಬರು ನಮ್ಮ ತರಗತಿಯಲ್ಲಿ ಯಾರು?’ ಎಂದು ಕೇಳಬಹುದು. ಅದೇ ಸಾಮತಿಯನ್ನು ಹಿರಿಯರಿಗೆ ಕೊಡುವುದಾದರೆ, ಪೋಪ್ ಫ್ರಾನ್ಸಿಸ್ 2020ರಲ್ಲಿ ಹೊರಡಿಸಿದ ‘ಫ್ರಾತೆಲ್ಲಿ ತುತ್ತಿ’ ವಿಶ್ವಪತ್ರದ (ಪೋಪ್ ಇಡೀ ಧರ್ಮಸಭೆಗೆ ಬರೆಯುವ ಬೋಧನಾಪತ್ರ) ಎರಡನೆಯ ಅಧ್ಯಾಯ ಇಡಿಯಾಗಿ ಅದರ ಮೇಲೆಯೇ ಇದೆ. ಮಧ್ಯಮ ವಿಭಾಗಕ್ಕೆ 2015ರ ‘ಲೌದಾತೊ ಸಿ’ ವಿಶ್ವಪತ್ರದ 49ನೇ ಪರಿಚ್ಛೇದ ಹೊಂದುತ್ತದೆ. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂದು ಅದು ಹೇಳುತ್ತದೆ. ಎರಡನ್ನೂ ‘ಒಟ್ಟಿಗೆ’ ಏಕೆ ಕೇಳಬೇಕು ಎಂಬುದೇ ಐದು ನಿಮಿಷಕ್ಕೆ ಸಾಕಾಗುವಷ್ಟು ಗಟ್ಟಿಯಾದ ಪ್ರಶ್ನೆ. ಪೋಪ್ ಹದಿಮೂರನೆಯ ಲಿಯೋ 1891ರಲ್ಲಿ ಕಾರ್ಮಿಕರ ಸ್ಥಿತಿಗತಿಯ ಬಗ್ಗೆ ‘ರೇರುಮ್ ನೋವಾರುಮ್’ ಹೊರಡಿಸಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೆಯ ಲಿಯೋ ತಾವು ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಕಾರಣ ಹೇಳುವಾಗ ಆ ದಾಖಲೆಯನ್ನೂ ಇಂದಿನ ಕೃತಕ ಬುದ್ಧಿಮತ್ತೆಯನ್ನೂ ಜೋಡಿಸಿ ಮಾತನಾಡಿದರು. ‘ಯಂತ್ರವೇ ಬರೆಯಬಲ್ಲ ಕಾಲದಲ್ಲಿ ಮನುಷ್ಯನ ದುಡಿಮೆಯ ಘನತೆ ಎಲ್ಲಿದೆ?’ ಎಂಬ ಪ್ರಶ್ನೆಗೆ ಹದಿನೇಳರ ಹರೆಯದವರಿಂದ ಒಳ್ಳೆಯ ಉತ್ತರಗಳು ಬರುತ್ತವೆ.

ಪ್ರತಿ ವಿಭಾಗಕ್ಕೆ ಮೂರು ಪ್ರಶ್ನೆಗಳಿರಲಿ. ಒಂದೇ ಇದ್ದರೆ ಸಭಿಕರು ಬೇಸರಗೊಳ್ಳುತ್ತಾರೆ, ಐದಿದ್ದರೆ ತೀರ್ಪುಗಾರರಿಗೆ ಹೋಲಿಕೆ ಕಷ್ಟವಾಗುತ್ತದೆ.

ಮೂರನೆಯ ಹಂತ: ಭಾಷಣವನ್ನು ಕಟ್ಟುವುದು

ಮೊದಲ ವಾರ ಮಗು ಭಾಷಣದ ಒಂದು ಸಾಲನ್ನೂ ಬರೆಯಬಾರದು. ಕೊಟ್ಟ ಭಾಗವನ್ನು ದಿನಕ್ಕೊಮ್ಮೆ ಗಟ್ಟಿಯಾಗಿ ಓದಿ, ಹಿಂದಿನ ದಿನ ಕಾಣದ ಒಂದು ಸಂಗತಿಯನ್ನು ನೋಟ್‌ಪುಸ್ತಕದಲ್ಲಿ ಗುರುತು ಮಾಡಿಕೊಂಡರೆ ಸಾಕು. ಸಮಾರಿಯದವನ ಸಾಮತಿಯನ್ನು ಹೀಗೆ ಓದಿದಾಗ ನಾಲ್ಕನೆಯ ದಿನದ ಹೊತ್ತಿಗೆ ಮಗುವಿಗೆ ಒಂದು ವಿಷಯ ಹೊಳೆಯಬಹುದು: ಯಾಜಕನೂ ಕಂಡನು, ಲೇವಿಯನೂ ಕಂಡನು, ಸಮಾರಿಯದವನೂ ಕಂಡನು, ಮೂವರಿಗೂ ಲೂಕನು ‘ಕಂಡನು’ ಎಂದೇ ಬರೆದಿದ್ದಾನೆ. ಐದನೆಯ ದಿನ ಛತ್ರದವನಿಗೆ ಕೊಟ್ಟ ಎರಡು ದೆನಾರಿ ನಾಣ್ಯಗಳ ಮೇಲೆ ಕಣ್ಣು ಬೀಳಬಹುದು. ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಆಳಿಗೆ ಗೊತ್ತುಮಾಡಿದ ದಿನಗೂಲಿ ಒಂದು ದೆನಾರಿ. ಎಂದರೆ ಅಪರಿಚಿತನಿಗಾಗಿ ಆತ ತನ್ನ ಎರಡು ದಿನಗಳ ದುಡಿಮೆಯನ್ನು ಎಣಿಸಿ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುತ್ತೇನೆಂದೂ ಹೇಳಿದ. ಇಂಥ ಎರಡು ಸಂಗತಿಗಳು ಸ್ವಂತ ಓದಿನಿಂದ ಸಿಕ್ಕರೆ ಭಾಷಣಕ್ಕೆ ಬೆನ್ನೆಲುಬು ಸಿಕ್ಕಿತೆಂದೇ ಲೆಕ್ಕ.

ಎರಡನೆಯ ವಾರ ಇಡೀ ಭಾಷಣವನ್ನು ಒಂದೇ ವಾಕ್ಯದಲ್ಲಿ ಹೇಳಲು ಮಗುವನ್ನು ಕೇಳಿ. ‘ನೋಡುವುದರಲ್ಲಿ ಮೂವರೂ ಸಮಾನರು, ದಾರಿ ದಾಟಿ ಹತ್ತಿರ ಹೋದವನು ಮಾತ್ರ ನೆರೆಯವನಾದ’ ಎಂಬಂಥ ಒಂದು ವಾಕ್ಯ ಹೊರಬರುವವರೆಗೆ ಮುಂದೆ ಹೋಗಬೇಡಿ. ಗುರುಗಳ ಪ್ರಬೋಧನೆಗಾಗಿ ಪೋಪ್ ಫ್ರಾನ್ಸಿಸ್ 2013ರ ‘ಎವಾಂಜೇಲಿ ಗೌದಿಯುಮ್’ ದಾಖಲೆಯ 157ನೇ ಪರಿಚ್ಛೇದದಲ್ಲಿ ತಮ್ಮ ಹಳೆಯ ಶಿಕ್ಷಕರೊಬ್ಬರ ಮಾತನ್ನು ನೆನೆದಿದ್ದಾರೆ: ಒಳ್ಳೆಯ ಪ್ರಬೋಧನೆಯಲ್ಲಿ ಒಂದು ವಿಚಾರ, ಒಂದು ಭಾವ, ಒಂದು ಚಿತ್ರ ಇರಬೇಕು. ವಿದ್ಯಾರ್ಥಿಯ ಭಾಷಣ ಪ್ರಬೋಧನೆಯಲ್ಲದಿದ್ದರೂ ಈ ಅಳತೆಗೋಲು ಅದಕ್ಕೂ ಸರಿಹೊಂದುತ್ತದೆ. ಮೇಲಿನ ಉದಾಹರಣೆಯಲ್ಲಿ ವಿಚಾರ ಆ ಒಂದು ವಾಕ್ಯ, ಚಿತ್ರ ಆ ಎರಡು ನಾಣ್ಯಗಳು. ಭಾವ ಮಾತ್ರ ಮಗುವಿನ ಸ್ವಂತ ಬದುಕಿನಿಂದ ಬರಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸ್ವಂತ ಬದುಕು ಎಂದೊಡನೆ ಮನೆಯ ಕಾಯಿಲೆ, ಸಾವು, ಜಗಳ, ಕುಡಿತಗಳನ್ನು ವೇದಿಕೆಗೆ ತರಲು ಮಕ್ಕಳನ್ನು ಪ್ರೇರೇಪಿಸುವ ತರಬೇತುದಾರರಿದ್ದಾರೆ. ಮಗು ತಾನಾಗಿ ಬಯಸಿ, ಮನೆಯವರಿಗೆ ತಿಳಿಸಿ, ಎರಡು ವಾರಗಳ ನಂತರವೂ ಹೇಳಲು ಇಷ್ಟಪಟ್ಟರೆ ಮಾತ್ರ ಅಂಥ ಸಂಗತಿ ಭಾಷಣದಲ್ಲಿ ಉಳಿಯಬಹುದು. ಬಸ್ಸಿನಲ್ಲಿ ಒಬ್ಬಂಟಿಯಾಗಿ ಕುಳಿತ ಸಹಪಾಠಿಯ ಪಕ್ಕದಲ್ಲಿ ಕೂರಲು ಹಿಂಜರಿದದ್ದು, ಹೊಸದಾಗಿ ಬಂದವಳನ್ನು ಆಟಕ್ಕೆ ಕರೆಯದೆ ಉಳಿದದ್ದು ಮುಂತಾದ ಸಣ್ಣ ಸಂಗತಿಗಳೇ ಸಾಮಾನ್ಯವಾಗಿ ಹೆಚ್ಚು ನಾಟುತ್ತವೆ. ಬರವಣಿಗೆಯ ನಡುವೆ ಮಗುವೊಂದು ತನಗೆ ಆಗುತ್ತಿರುವ ಹಿಂಸೆಯನ್ನು ಹೊರಗೆಡಹಿದರೆ, ಆ ಕ್ಷಣದಿಂದ ಅದು ಸ್ಪರ್ಧೆಯ ವಿಷಯವಾಗಿ ಉಳಿಯುವುದಿಲ್ಲ. ಶಾಲೆಯ ಮಕ್ಕಳ ರಕ್ಷಣಾ ವ್ಯವಸ್ಥೆಗೆ ತಡಮಾಡದೆ ತಿಳಿಸಬೇಕು.

ಪವಿತ್ರ ಗ್ರಂಥದ ವಚನಗಳನ್ನು ಬಳಸುವಾಗ ಹಿಂದಿನ ಮತ್ತು ಮುಂದಿನ ಹತ್ತು ವಚನಗಳನ್ನು ಓದದೆ ಯಾವುದನ್ನೂ ಉಲ್ಲೇಖಿಸಬಾರದೆಂಬ ಕಟ್ಟುನಿಟ್ಟು ಇರಲಿ. ಯೆರೆಮೀಯನ ಗ್ರಂಥದ 29:11 ಭಾಷಣ ಸ್ಪರ್ಧೆಗಳ ಅಚ್ಚುಮೆಚ್ಚಿನ ವಚನ. ದೇವರ ಯೋಜನೆಗಳು ಕೇಡಿಗಲ್ಲ, ಕ್ಷೇಮಕ್ಕಾಗಿ ಎಂಬ ಆ ಮಾತನ್ನು ಮಕ್ಕಳು ಪರೀಕ್ಷೆಯ ಫಲಿತಾಂಶಕ್ಕೆ ಅನ್ವಯಿಸುತ್ತಾರೆ. ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರದ ಭಾಗ; ಅದರ ಹಿಂದಿನ ವಚನವೇ ಬಿಡುಗಡೆಗೆ 70 ವರ್ಷಗಳಾಗಬೇಕೆಂದು ಹೇಳುತ್ತದೆ, ಐದನೆಯ ವಚನ ಅಲ್ಲಿಯೇ ಮನೆ ಕಟ್ಟಿ ತೋಟ ಮಾಡಿ ಎನ್ನುತ್ತದೆ. ಪತ್ರವನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಆ ಬಿಡುಗಡೆಯನ್ನು ಕಾಣುವಂತಿರಲಿಲ್ಲ. ಇಷ್ಟನ್ನು ತಿಳಿದುಕೊಂಡ ಹುಡುಗನ ಬಾಯಲ್ಲಿ ‘ಭರವಸೆ’ ಎಂಬ ಪದದ ತೂಕವೇ ಬೇರೆಯಾಗುತ್ತದೆ. ‘ನನ್ನನ್ನು ಬಲಪಡಿಸುವಾತನ ಮೂಲಕ ಎಲ್ಲವನ್ನೂ ಮಾಡಬಲ್ಲೆ’ ಎಂಬ, ಫಿಲಿಪ್ಪಿಯರಿಗೆ ಬರೆದ ಪತ್ರದ 4:13ರ ಸ್ಥಿತಿಯೂ ಇದೇ. ಪೌಲನು ಸೆರೆಯಲ್ಲಿದ್ದು ಹಸಿವನ್ನೂ ಸಮೃದ್ಧಿಯನ್ನೂ ಸಮನಾಗಿ ಎದುರಿಸಲು ಕಲಿತ ಬಗೆಯನ್ನು ಹೇಳುತ್ತಿದ್ದಾನೆ, ಪಂದ್ಯ ಗೆಲ್ಲುವುದನ್ನಲ್ಲ.

ಸಂತರ ಹೆಸರಿನಲ್ಲಿ ಹರಿದಾಡುವ ಮಾತುಗಳ ವಿಷಯದಲ್ಲಿ ಇನ್ನೂ ಹೆಚ್ಚು ಜಾಗರೂಕತೆ ಬೇಕು. ‘ಸದಾ ಶುಭಸಂದೇಶವನ್ನು ಸಾರಿ, ಅಗತ್ಯವಿದ್ದರೆ ಮಾತನ್ನು ಬಳಸಿ’ ಎಂಬುದು ಅಸ್ಸಿಸಿಯ ಸಂತ ಫ್ರಾನ್ಸಿಸರ ಬರಹಗಳಲ್ಲಿ ಎಲ್ಲಿಯೂ ಇಲ್ಲ. ‘ನಿನ್ನ ಶಾಂತಿಯ ಸಾಧನವಾಗಿ ನನ್ನನ್ನು ಮಾಡು’ ಎಂಬ ಪ್ರಾರ್ಥನೆಯೂ ಅವರದಲ್ಲ. ಅದು ಮೊದಲು ಅಚ್ಚಾದದ್ದು 1912ರಲ್ಲಿ, ಒಂದು ಫ್ರೆಂಚ್ ಪತ್ರಿಕೆಯಲ್ಲಿ. ಪ್ರಾರ್ಥನೆಯಾಗಿ ಅದರ ಬೆಲೆ ಇದರಿಂದ ಕುಂದುವುದಿಲ್ಲ, ಆದರೆ ‘ಸಂತ ಫ್ರಾನ್ಸಿಸರು ಹೇಳಿದಂತೆ’ ಎಂದು ಆರಂಭಿಸಿದ ಸ್ಪರ್ಧಿ ಬಲ್ಲ ತೀರ್ಪುಗಾರರ ಮುಂದೆ ಪೇಚಿಗೆ ಸಿಲುಕುತ್ತಾನೆ. ಸಂತರೊಬ್ಬರ ಬದುಕಿನ ಒಂದು ಖಚಿತ ಘಟನೆ ಹತ್ತು ಉಲ್ಲೇಖಗಳಿಗಿಂತ ಮೇಲು. 1991ರಲ್ಲಿ ಹುಟ್ಟಿ, 15ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡು, 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದ ಕಾರ್ಲೊ ಅಕುಟಿಸ್ ಈಗ ಪ್ರತಿ ಎರಡನೆಯ ಭಾಷಣದಲ್ಲಿ ಕಾಣಿಸಿಕೊಳ್ಳುತ್ತಾರೆ. ‘ಕಂಪ್ಯೂಟರ್ ಬಲ್ಲ ಸಂತ’ ಎಂಬಷ್ಟಕ್ಕೇ ಮಾತು ನಿಲ್ಲುವುದಾದರೆ ಬೇರೆಯವರನ್ನು ಆರಿಸಿಕೊಳ್ಳುವುದು ಲೇಸು.

ಇನ್ನು ಆರಂಭದ ಸಂಬೋಧನೆ. ವೇದಿಕೆಯಲ್ಲಿರುವ ಒಬ್ಬೊಬ್ಬರನ್ನೂ ಹೆಸರಿಸಿ ವಂದಿಸುವ ಸಂಪ್ರದಾಯ ಮೂರು ನಿಮಿಷದ ಭಾಷಣದಲ್ಲಿ ಅರ್ಧ ನಿಮಿಷವನ್ನು ನುಂಗುತ್ತದೆ. ‘ಎಲ್ಲರಿಗೂ ವಂದನೆಗಳು’ ಎಂದಷ್ಟೇ ಹೇಳಿ, ‘ಆ ದಾರಿಯಲ್ಲಿ ಹೋದ ಯಾಜಕನು ಕುರುಡನಾಗಿರಲಿಲ್ಲ’ ಎಂದು ನೇರವಾಗಿ ಆರಂಭಿಸಿದರೆ ಸಭೆ ಕಿವಿ ನಿಮಿರಿಸುತ್ತದೆ. ಸಂಕ್ಷಿಪ್ತ ಸಂಬೋಧನೆಗೆ ಅಂಕ ಕಡಿತವಿಲ್ಲವೆಂದು ನಿಯಮಪತ್ರದಲ್ಲಿಯೇ ಬರೆದುಬಿಟ್ಟರೆ ಮಕ್ಕಳಿಗೂ ಧೈರ್ಯ ಬರುತ್ತದೆ.

ಶಿಕ್ಷಕರ ಸಹಾಯದ ಮಿತಿ ಎಲ್ಲಿಯದು? ಪ್ರಶ್ನೆ ಕೇಳಬಹುದು, ಅಸ್ಪಷ್ಟವಾದದ್ದನ್ನು ಗುರುತಿಸಬಹುದು, ತಪ್ಪು ಮಾಹಿತಿಯನ್ನು ತಿದ್ದಬಹುದು. ವಾಕ್ಯವನ್ನು ತಾವೇ ಬರೆದುಕೊಡಬಾರದು. ಒಂದು ಸ್ಪರ್ಧೆಯಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ‘ಮಾನವ ಅಸ್ತಿತ್ವದ ಪಾರಮಾರ್ಥಿಕ ಆಯಾಮ’ದ ಬಗ್ಗೆ ನಿರರ್ಗಳವಾಗಿ ಮಾತನಾಡಿದ. ಪಾರಮಾರ್ಥಿಕ ಎಂದರೇನಪ್ಪ ಎಂದು ನಾನು ಆಮೇಲೆ ಕೇಳಿದಾಗ ಅವನು ನಗುತ್ತಾ ಸಭೆಯಲ್ಲಿ ಕುಳಿತ ಅಪ್ಪನ ಕಡೆಗೆ ನೋಡಿದ. ಈಗ ಅಪ್ಪನ ಜಾಗಕ್ಕೆ ಕೃತಕ ಬುದ್ಧಿಮತ್ತೆಯೂ ಬಂದಿದೆ. ಇದನ್ನು ಪತ್ತೆಹಚ್ಚಲು ತಂತ್ರಾಂಶಗಳ ಮೊರೆ ಹೋಗಬೇಕಾಗಿಲ್ಲ. ಪ್ರತಿ ಭಾಷಣದ ನಂತರ ತೀರ್ಪುಗಾರರು ಒಂದು ಸರಳ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಅಂಕಗಳಿವೆ ಎಂದು ಮೊದಲೇ ತಿಳಿಸಿದರೆ, ಸ್ವಂತವಾಗಿ ಯೋಚಿಸುವುದೇ ಲಾಭದಾಯಕವೆಂದು ಮನೆಯವರಿಗೂ ಮನವರಿಕೆಯಾಗುತ್ತದೆ.

ನಾಲ್ಕನೆಯ ಹಂತ: ಅಭ್ಯಾಸ

ಬರೆದದ್ದನ್ನು ಅಕ್ಷರಶಃ ಕಂಠಪಾಠ ಮಾಡಿದ ಮಗು ಒಂದು ಪದ ಮರೆತರೆ ಇಡೀ ಭಾಷಣವನ್ನೇ ಕಳೆದುಕೊಳ್ಳುತ್ತದೆ. ಮೊದಲ ನಾಲ್ಕು ಸಾಲು ಮತ್ತು ಕೊನೆಯ ನಾಲ್ಕು ಸಾಲುಗಳನ್ನು ಬಾಯಿಪಾಠ ಮಾಡಿ, ನಡುವಣದ್ದನ್ನು ಐದಾರು ಸುಳಿವು ಪದಗಳ ಸಹಾಯದಿಂದ ಪ್ರತಿ ಸಲವೂ ಹೊಸದಾಗಿ ಹೇಳುವುದು ಸುರಕ್ಷಿತ ವಿಧಾನ. ಅಂಗೈಯಷ್ಟು ದೊಡ್ಡ ಒಂದು ರಟ್ಟಿನ ಚೀಟಿಗೆ ಅನುಮತಿ ಕೊಡಿ.

ಕಾಲಾವಧಿಯನ್ನು ಪದಗಳ ಎಣಿಕೆಯಿಂದ ಊಹಿಸದೆ ಗಡಿಯಾರ ಹಿಡಿದೇ ನೋಡಬೇಕು. ಮನೆಯಲ್ಲಿ ಐದು ನಿಮಿಷ ಹಿಡಿದ ಭಾಷಣ ವೇದಿಕೆಯಲ್ಲಿ ಗಾಬರಿಯಿಂದ ನಾಲ್ಕಕ್ಕೆ ಇಳಿಯಬಹುದು, ಚಪ್ಪಾಳೆ ಅಥವಾ ನಗುವಿನಿಂದ ಐದೂವರೆಗೆ ಏರಲೂಬಹುದು. ನಾಲ್ಕೂವರೆ ನಿಮಿಷಕ್ಕೆ ಹೊಂದಿಸಿಕೊಂಡರೆ ಎರಡಕ್ಕೂ ಅವಕಾಶ ಉಳಿಯುತ್ತದೆ. ದೊಡ್ಡ ಸಭಾಂಗಣದಲ್ಲಿ ಒಮ್ಮೆಯಾದರೂ ಮೈಕ್ ಇಲ್ಲದೆ, ಒಮ್ಮೆಯಾದರೂ ಮೈಕ್ ಹಿಡಿದು ಅಭ್ಯಾಸ ಮಾಡಿಸಿ. ವಾಕ್ಯದ ಕೊನೆಯ ಪದವನ್ನು ನುಂಗುವುದು ಎಳೆಯ ಭಾಷಣಕಾರರ ಸಾಮಾನ್ಯ ದೋಷ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಹೀಗೆ ನುಂಗಿದಾಗ ವಾಕ್ಯದ ಅರ್ಥವೇ ಕಳೆದುಹೋಗುತ್ತದೆ.

ವೇದಿಕೆಯ ಭಯಕ್ಕೆ ಒಳಗಾದ ಮಗುವಿಗೆ ವಿಮೋಚನಕಾಂಡದ 4ನೇ ಅಧ್ಯಾಯವನ್ನು ಓದಿಸಿ. ತನ್ನ ನಾಲಿಗೆ ಮಂದವೆಂದು ಮೋಶೆ ವಾದಿಸಿದ್ದೂ, ಕೊನೆಗೆ ಅಣ್ಣ ಆರೋನನು ಜೊತೆಗೆ ನಿಂತದ್ದೂ ಅಲ್ಲಿದೆ. ತೊದಲುವ ಮಕ್ಕಳಿಗೆ ಹೆಚ್ಚುವರಿ ಸಮಯ ಕೊಡುವ ನಿಯಮವಿರಲಿ, ಅದನ್ನು ಸಭೆಯಲ್ಲಿ ಘೋಷಿಸುವ ಅಗತ್ಯವಿಲ್ಲ.

ಐದನೆಯ ಹಂತ: ತೀರ್ಪುಗಾರರು ಮತ್ತು ಅಂಕಪಟ್ಟಿ

ತೀರ್ಪುಗಾರರು ಮೂವರು ಅಥವಾ ಐವರಿರಲಿ. ಗುರುಗಳು ಅಥವಾ ಕನ್ಯಾಸ್ತ್ರೀಯರೊಬ್ಬರು, ಭಾಷಾ ಶಿಕ್ಷಕರೊಬ್ಬರು, ಸಭೆಯಲ್ಲಿ ಮಾತನಾಡುವ ವೃತ್ತಿಯ ಶ್ರೀಸಾಮಾನ್ಯ ವಿಶ್ವಾಸಿಯೊಬ್ಬರು ಇದ್ದರೆ ಮೂರು ದೃಷ್ಟಿಗಳೂ ಕೂಡುತ್ತವೆ. ಸ್ಪರ್ಧಿಸುವ ಶಾಲೆಗಳಿಗೆ ಸಂಬಂಧಿಸಿದವರು ಬೇಡ. ಸ್ಪರ್ಧಿಗಳಿಗೆ ಶಾಲೆಯ ಹೆಸರಿನ ಬದಲು ಸಂಖ್ಯೆ ಕೊಡಿ.

ನೂರು ಅಂಕಗಳನ್ನು ನಾನು ಹೀಗೆ ಹಂಚುತ್ತೇನೆ: ಪ್ರಶ್ನೆಗೆ ಉತ್ತರಿಸಿದ ಬಗೆ ಮತ್ತು ಸ್ವಂತ ಯೋಚನೆಗೆ 30, ಪವಿತ್ರ ಗ್ರಂಥ ಹಾಗೂ ಧರ್ಮಸಭೆಯ ಬೋಧನೆಯ ಸರಿಯಾದ ಬಳಕೆಗೆ 20, ಜೋಡಣೆಗೆ 15, ಧ್ವನಿ ಮತ್ತು ನಿಲುವಿಗೆ 20, ಕೊನೆಯ ಪ್ರಶ್ನೆಗೆ ಕೊಟ್ಟ ಉತ್ತರಕ್ಕೆ 15. ‘ಭಕ್ತಿ’, ‘ಆತ್ಮಿಕತೆ’ ಎಂಬ ಕಲಮುಗಳು ಇರಬಾರದು. ಎರಡನೆಯ ಕಲಮಿನಲ್ಲಿ ವಚನಗಳ ಸಂಖ್ಯೆಗೆ ಬೆಲೆಯಿಲ್ಲ. ಆರು ವಚನಗಳನ್ನು ಉದುರಿಸಿದವನಿಗಿಂತ ಒಂದನ್ನೇ ಸಂದರ್ಭಸಹಿತ ಬಿಡಿಸಿದವನಿಗೆ ಹೆಚ್ಚು ಅಂಕ ಸಲ್ಲಬೇಕೆಂದು ಸ್ಪರ್ಧೆಗೆ ಮುಂಚೆ ತೀರ್ಪುಗಾರರ ಜೊತೆ ಅರ್ಧ ಗಂಟೆ ಕುಳಿತು ಮಾತನಾಡಿಕೊಳ್ಳಿ.

ಅಂಕಗಳನ್ನು ನೇರವಾಗಿ ಕೂಡಿಸುವುದರಲ್ಲಿ ಒಂದು ಮರೆಯಾದ ಅನ್ಯಾಯವಿದೆ. ಒಬ್ಬ ತೀರ್ಪುಗಾರರು 40ರಿಂದ 90ರವರೆಗೆ ಧಾರಾಳವಾಗಿ ಅಂಕ ಹರಡುತ್ತಾರೆ, ಉಳಿದಿಬ್ಬರು 70ರಿಂದ 76ರೊಳಗೇ ಇರುತ್ತಾರೆ ಎಂದುಕೊಳ್ಳಿ. ಕೂಡಿಸಿದಾಗ ಮೊದಲಿನವರೊಬ್ಬರೇ ಫಲಿತಾಂಶವನ್ನು ನಿರ್ಧರಿಸಿದಂತಾಗುತ್ತದೆ. ಪ್ರತಿ ತೀರ್ಪುಗಾರರ ಅಂಕಗಳನ್ನು ಮೊದಲು ಸ್ಥಾನಗಳಾಗಿ ಬದಲಿಸಿ (ಒಂದು, ಎರಡು, ಮೂರು ಎಂದು), ಆ ಸ್ಥಾನಗಳನ್ನು ಕೂಡಿಸಿ, ಅತಿ ಕಡಿಮೆ ಮೊತ್ತ ಬಂದವರನ್ನು ಪ್ರಥಮವೆಂದು ಘೋಷಿಸುವುದು ಇದಕ್ಕೆ ಸುಲಭ ಪರಿಹಾರ. ಇಬ್ಬರ ಮೊತ್ತ ಸಮನಾದರೆ, ಹೆಚ್ಚು ತೀರ್ಪುಗಾರರು ಯಾರನ್ನು ಮೇಲಿಟ್ಟಿದ್ದಾರೆಂದು ನೋಡಿ. ತೀರ್ಪುಗಾರರ ಸಂಖ್ಯೆ ಬೆಸವಾಗಿರಬೇಕೆಂಬುದು ಈ ಕಾರಣಕ್ಕೇ.

ಆರನೆಯ ಹಂತ: ಸ್ಪರ್ಧೆಯ ದಿನ

ಮಾತನಾಡುವ ಸರದಿಯನ್ನು ಸ್ಪರ್ಧಿಗಳ ಎದುರಿಗೇ ಚೀಟಿ ಎತ್ತಿ ಗೊತ್ತುಮಾಡಿ. ಸಮಯಪಾಲಕರು ನಿಗದಿತ ಅವಧಿಗೆ ಒಂದು ನಿಮಿಷ ಮುಂಚೆ ಒಂದು ಗಂಟೆ, ಅವಧಿ ಮುಗಿದಾಗ ಎರಡು ಗಂಟೆ ಬಾರಿಸಲಿ. ನಂತರದ 20 ಸೆಕೆಂಡುಗಳವರೆಗೆ ಕಡಿತವಿಲ್ಲ, ಅದಾದ ಮೇಲೆ ಪ್ರತಿ ತೀರ್ಪುಗಾರರ ಪಟ್ಟಿಯಲ್ಲಿ ಐದು ಅಂಕ ಕಳೆಯಬೇಕು. ಆರಂಭದ ಪ್ರಾರ್ಥನೆ ಎಲ್ಲರದಾಗಿರಲಿ, ಸ್ಪರ್ಧಿಗಳಿಂದ ಮಾಡಿಸುವುದು ಬೇಡ. ಮಗುವೊಂದು ಮಾತಿನ ನಡುವೆ ಸ್ತಬ್ಧವಾದರೆ ನಿರೂಪಕರು ಹತ್ತು ಸೆಕೆಂಡು ಸುಮ್ಮನಿದ್ದು, ಅನಂತರ ‘ಬೇಕಾದರೆ ಮತ್ತೆ ಆರಂಭಿಸಮ್ಮ’ ಎಂದು ಮೆಲ್ಲಗೆ ಹೇಳಬಹುದು; ಸಭೆಯಿಂದ ಕನಿಕರದ ಚಪ್ಪಾಳೆ ಏಳದಂತೆ ಮೊದಲೇ ಕೋರಿಕೊಂಡಿರಬೇಕು. ಚಿತ್ರೀಕರಣಕ್ಕೆ ಹೆತ್ತವರ ಲಿಖಿತ ಒಪ್ಪಿಗೆ ಇಲ್ಲದಿದ್ದರೆ ಆ ಮಗುವಿನ ಸರದಿಯಲ್ಲಿ ಕ್ಯಾಮೆರಾ ನಿಲ್ಲಲಿ.

ಏಳನೆಯ ಹಂತ: ಮುಗಿದ ಮೇಲೆ

ಪ್ರತಿ ತೀರ್ಪುಗಾರರು ಪ್ರತಿ ಸ್ಪರ್ಧಿಗೆ ಎರಡು ಸಾಲು ಬರೆದುಕೊಡಲಿ. ಒಂದು ಸಾಲಿನಲ್ಲಿ ನೆನಪಿನಲ್ಲಿ ಉಳಿದದ್ದು ಯಾವುದು, ಇನ್ನೊಂದರಲ್ಲಿ ಮುಂದಿನ ಸಲ ಬದಲಿಸಬಹುದಾದದ್ದು ಯಾವುದು ಎಂದಿದ್ದರೆ ಸಾಕು. ಈ ಚೀಟಿಗಳು ಪ್ರಮಾಣಪತ್ರದ ಜೊತೆಯಲ್ಲಿಯೇ, ಶಿಕ್ಷಕರ ಮೂಲಕವಲ್ಲದೆ ಮಗುವಿನ ಕೈಗೇ ಹೋಗಬೇಕು. ಚೆನ್ನಾಗಿ ಓದಬಲ್ಲ ಕಥೋಲಿಕ ಮಕ್ಕಳ ಹೆಸರುಗಳನ್ನು, ಅವರು ಒಪ್ಪಿದರೆ, ಅವರವರ ಧರ್ಮಕೇಂದ್ರದ ಗುರುಗಳಿಗೆ ತಲುಪಿಸಿ. ಬಲಿಪೂಜೆಯಲ್ಲಿ ವಾಚನ ಮಾಡಲು ಸಿದ್ಧವಿರುವ ಎಳೆಯ ದನಿಗಳಿಗೆ ಅಲ್ಲಿ ಸದಾ ಜಾಗವಿರುತ್ತದೆ. ಯಾವ ಪ್ರಶ್ನೆಯನ್ನು ಎಷ್ಟು ಮಂದಿ ಆರಿಸಿಕೊಂಡರು, ಯಾವುದು ಎಲ್ಲರ ಬಾಯಲ್ಲೂ ಒಂದೇ ಉತ್ತರವಾಯಿತು, ಯಾವ ಭಾಷಣಗಳು ಸಮಯ ಮೀರಿದವು ಎಂಬುದನ್ನು ಆ ವಾರದೊಳಗೆ ಒಂದು ಪುಟದಲ್ಲಿ ಬರೆದು, ಮುಂದಿನ ವರ್ಷ ವಿಷಯಗಳನ್ನು ರೂಪಿಸುವವರ ಕಡತದಲ್ಲಿ ಇಡಿ.